ಕಿಲುಬು ಬಿಡಿಸಿದ ಭಾನುವಾರಗಳು

ಮೊನ್ನೆ ಅಡುಗೆಮನೆಯ ಸಿಂಕ್ ಕಟ್ಟಿಕೊಂಡಿತು. ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಬಿಲ್ಡಿಂಗು ಹಳೆಯದು, ಪೈಪುಗಳು ಅದಕ್ಕಿಂತ ಹಳೆಯವೇನೋ ಎಂಬಂತೆ ವರ್ತಿಸುತ್ತವೆ. ಇವರು ಕೆಳಗಿನ ಅಂಗಡಿಯಿಂದ ಪೈಪು ಬಿಡಿಸುವ ಪುಡಿಯ ಪೊಟ್ಟಣ ತಂದು ಕಟ್ಟೆಯ ಮೇಲಿಟ್ಟು, "ಎರಡು ಚಮಚ ಹಾಕಿ ಬಿಸಿನೀರು ಸುರಿ, ಹೋ ಜಾಯೇಗಾ" ಎಂದು ಸ್ನಾನಕ್ಕೆ ಹೋದರು. ನಾನು ಪೊಟ್ಟಣದ ಮೂಲೆ ಕತ್ತರಿಸಿ ಒಂದು ಚಮಚ ಹಾಕಿದೆ. ಆ ಪುಡಿಗೆ ಹೇಳಿಕೊಳ್ಳುವಂಥ ವಾಸನೆಯೇನೂ ಇಲ್ಲ. ನೀರು ತಾಗಿದಾಗ ಮಾತ್ರ ಗಂಟಲು ಕೆರೆಯುವ ಒಂದು ಬಿಸಿ ಆವಿ ಏಳುತ್ತದೆ. ಆ ಆವಿ ಮೂಗಿಗೆ ಬಂದದ್ದೇ, ಎರಡನೆಯ ಚಮಚ ಹಾಕಲು ನನ್ನಿಂದ ಆಗಲಿಲ್ಲ. ಸ್ಟೂಲು ಎಳೆದುಕೊಂಡು ಸಿಂಕಿನ ಮುಂದೆ ಕೂತುಬಿಟ್ಟೆ.

ಐವತ್ತೇಳು ವರ್ಷದ ಹೆಂಗಸು, ಆಫೀಸಿಗೆ ಹೊರಡುವ ಹೊತ್ತಿಗೆ, ಕಟ್ಟಿಕೊಂಡ ಸಿಂಕಿನ ಮುಂದೆ ಸುಮ್ಮನೆ ಕೂತಿದ್ದಾಳೆಂದರೆ ನೀವು ಏನೆಂದುಕೊಳ್ಳುತ್ತೀರೋ ಗೊತ್ತಿಲ್ಲ. ಸುಸ್ತು ಎಂದುಕೊಂಡರೆ ಅದು ತಪ್ಪಲ್ಲ. ಸುಸ್ತು ನನಗೆ ಇದ್ದದ್ದೇ. ಆದರೆ ಆ ಹೊತ್ತಿಗೆ ನನ್ನನ್ನು ಕೂರಿಸಿದ್ದು ನನ್ನ ಮಾವ. ಅವರು ತೀರಿಕೊಂಡು ಏಳು ವರ್ಷವಾಯಿತು.

ಮಾವನ ಹೆಸರು ಸದಾಶಿವ. ಉಡುಪಿ ಕಡೆಯಿಂದ ಹದಿನೆಂಟನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದವರು. ಊರಿನವರೆಲ್ಲ ಹೋಟೆಲಿಗೆ ಸೇರಿದರೆ ಇವರು ಮಾತ್ರ ಭಾಂಡೂಪಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ, ಅಂದರೆ ಅಚ್ಚು, ಉಪಕರಣ ತಯಾರಿಸುವ ವಿಭಾಗದಲ್ಲಿ, ಫಿಟ್ಟರ್ ಆದರು. "ಹೋಟೆಲಿನಲ್ಲಿ ಮಾಡಿದ್ದು ಸಂಜೆಗೆ ಮುಗಿದು ಹೋಗ್ತದೆ. ಕಬ್ಬಿಣದಲ್ಲಿ ಮಾಡಿದ್ದು ಉಳೀತದೆ" ಎಂದು ಹೇಳುತ್ತಿದ್ದರಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಕಾರ್ಖಾನೆ ಮುಚ್ಚಿತ್ತು. ಉಳಿದದ್ದು ಅವರ ಸಿಟ್ಟು ಮತ್ತು ಅಳತೆಯ ಹುಚ್ಚು. ಚಪಾತಿ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿದ್ದರೆ ಬೆರಳಲ್ಲಿ ಹಿಡಿದು ನೋಡುತ್ತಿದ್ದರು, ಹೇಳುತ್ತಿರಲಿಲ್ಲ. ಹೇಳಿದ್ದರೇ ವಾಸಿಯಿತ್ತು. ನನ್ನ ಹೆಸರು ಹಿಡಿದು ಅವರು ಒಂದು ದಿನವೂ ಕರೆದವರಲ್ಲ. "ಇವಳೇ" ಎನ್ನುತ್ತಿದ್ದರು. ಅತ್ತೆ ಇದ್ದಾಗ ಅವರನ್ನೂ "ಇವಳೇ" ಎನ್ನುತ್ತಿದ್ದದ್ದರಿಂದ ಒಂದು ಕೂಗಿಗೆ ಇಬ್ಬರೂ ಓಡುತ್ತಿದ್ದೆವು. ಅತ್ತೆ ಹೋದ ಮೇಲೆ ಆ ಕೂಗು ಪೂರ್ತಿ ನನ್ನ ಪಾಲಿಗೆ ಬಂತು.

ನಾನೋ, ಬೆಳಿಗ್ಗೆ ಎಂಟೂಹತ್ತರ ಲೋಕಲ್ ಹಿಡಿದು ಘಾಟ್ಕೋಪರಿನಲ್ಲಿ ಇಳಿದು, ಮೆಟ್ರೋ ಹತ್ತಿ ಅಂಧೇರಿಯ ಆಫೀಸು ಮುಟ್ಟುವವಳು. ಸಂಜೆ ಅದೇ ದಾರಿ ತಿರುಗಿ. ಲೇಡೀಸ್ ಡಬ್ಬಿಯಲ್ಲಿ ನಿಂತೇ ನಿದ್ದೆ ಮಾಡುವ ವಿದ್ಯೆಯನ್ನು ನಾನು ಎಷ್ಟು ಚೆನ್ನಾಗಿ ಕಲಿತಿದ್ದೇನೆಂದರೆ, ಒಮ್ಮೆ ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡಿದ್ದವಳ ಭುಜಕ್ಕೆ ತಲೆಯಾನಿಸಿ ಮುಲುಂಡ್ ದಾಟಿ ಠಾಣೆಯವರೆಗೂ ಹೋಗಿಬಿಟ್ಟಿದ್ದೆ. ಆಕೆ ಎಬ್ಬಿಸಲಿಲ್ಲ. ಇಳಿಯುವಾಗ "ಝೋಪ್ ಝಾಲೀ ಕಾ?" ಎಂದಳು, ಅಷ್ಟೆ. ನಿದ್ದೆ ಆಯಿತಾ ಎಂದು ನನ್ನನ್ನು ಯಾರಾದರೂ ಕೇಳಿ ಬಹಳ ದಿನವಾಗಿತ್ತು.

ಇರಲಿ, ಮಾವನ ಮಾತಿಗೆ ಬರುತ್ತೇನೆ. ಎಂಟು ವರ್ಷದ ಹಿಂದಿನ ಮಳೆಗಾಲದಲ್ಲಿ ನಮ್ಮ ಬಾತ್‌ರೂಮಿನ ಮೇಲಿನ ಲಾಫ್ಟಿಗೆ ನೀರು ಜಿನುಗಿತು. ಹಳೆಯ ಸಾಮಾನೆಲ್ಲ ಕೆಳಗಿಳಿಸಬೇಕಾಯಿತು. ಒಡೆದ ಫ್ಯಾನು, ಇವರ ಶಾಲೆಯ ಪುಸ್ತಕ, ಅತ್ತೆಯ ಕಡಾಯಿ. ಎಲ್ಲದರ ಹಿಂದೆ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದನ್ನು ಕಂಡದ್ದೇ ಮಾವ ಕುರ್ಚಿಯಿಂದ ಎದ್ದು ಬಂದರು. "ಇಲ್ಲಿ ಕೊಡು" ಎಂದರು. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಚಮಚದ ಹಿಡಿಯಿಂದ ನಾನೇ ಎಬ್ಬಿಸಿದೆ. ಒಳಗೆ ಕೊಳೆತ ಬಟ್ಟೆ, ಬಟ್ಟೆಯೊಳಗೆ ಒಂದು ಸಣ್ಣ ಹಬೆ ಇಂಜಿನ್ನಿನ ಬಿಡಿಭಾಗಗಳು.

ಸಣ್ಣದು ಎಂದರೆ ಅಂಗೈಯಲ್ಲಿ ಕೂರುವಷ್ಟು. ನೀವು ಇಂಥದ್ದನ್ನು ನೋಡಿರದಿದ್ದರೆ ಹೇಳುತ್ತೇನೆ, ನಾನೂ ಆವತ್ತೇ ಮೊದಲು ನೋಡಿದ್ದು. ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆಯ ಸಿಲಿಂಡರ್. ಅದರೊಳಗೆ ಉಕ್ಕಿನ ಪಿಸ್ಟನ್ನು. ಅದು ತಿರುಗಿಸುವ ಎರಕದ ಕಬ್ಬಿಣದ ಗಾಲಿ. ಇವನ್ನೆಲ್ಲ ಹೊತ್ತು ನಿಲ್ಲಬೇಕಾದ ಅಲ್ಯೂಮಿನಿಯಮ್ಮಿನ ಒಂದು ಪುಟ್ಟ ಕಂಬ. ಕಂಬದ ಒಂದು ಮುಖ ಕನ್ನಡಿಯಂತೆ ನಯವಾಗಿರಬೇಕಂತೆ. ಸಿಲಿಂಡರ್ ಆ ಮುಖಕ್ಕೆ ಒತ್ತಿಕೊಂಡೇ ಅತ್ತಿತ್ತ ತೂಗುತ್ತದೆ. ಮುಖದಲ್ಲಿ ಎರಡು ತೂತು, ಒಂದರಿಂದ ಹಬೆ ಒಳಗೆ, ಇನ್ನೊಂದರಿಂದ ಹೊರಗೆ. ಆ ಮುಖ ಕೆಟ್ಟರೆ ಹಬೆಯೆಲ್ಲ ಸಂದಿಯಲ್ಲಿ ಸೋರಿಹೋಗಿ ಇಂಜಿನ್ನು ಕೂತಲ್ಲೇ ಕೂರುತ್ತದೆ. ಇದೆಲ್ಲ ಆಮೇಲೆ ಕಲಿತದ್ದು. ಆವತ್ತು ನನಗೆ ಕಂಡದ್ದು ಬಣ್ಣ ಮಾತ್ರ. ಹಿತ್ತಾಳೆಯ ಮೇಲೆ ಪಾಚಿಯಂಥ ಹಸಿರು ಕಿಲುಬು, ಉಕ್ಕಿನ ಮೇಲೆ ಕೆಂಪು ತುಕ್ಕು, ಅಲ್ಯೂಮಿನಿಯಮ್ಮಿನ ಮೇಲೆ ಉಪ್ಪು ಅರಳಿದಂಥ ಬಿಳಿ ಹುಡಿ.

"ಸರಿ ಮಾಡ್ಬಹುದಾ ಮಾವ?" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಮಾಡ್ಬಹುದು. ಕೈ ಬೇಕು" ಎಂದರು. ಅವರ ಕೈ ಆಗಲೇ ನಡುಗುತ್ತಿತ್ತು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ತಟ್ಟೆಯ ಮೇಲೆ ಅದು ಟಕಟಕ ಎನ್ನುತ್ತಿತ್ತು. ನನ್ನ ಮುಖ ನೋಡದೆ, "ಇವಳೇ, ನಿನಗೆ ಭಾನುವಾರ ಪುರುಸೊತ್ತು ಉಂಟಾ?" ಎಂದರು.

ಭಾನುವಾರ ನನಗೆ ಪುರುಸೊತ್ತು ಎಲ್ಲಿಂದ? ವಾರದ ಬಟ್ಟೆ, ವಾರದ ತರಕಾರಿ, ಮಧ್ಯಾಹ್ನ ಒಂದು ಗಂಟೆಯ ನಿದ್ದೆ. ಆ ನಿದ್ದೆಗಾಗಿ ನಾನು ಸೋಮವಾರದಿಂದಲೇ ಕಾಯುತ್ತಿದ್ದೆ. ಆದರೆ ಇಪ್ಪತ್ತನಾಲ್ಕು ವರ್ಷದಲ್ಲಿ ಮಾವ ನನ್ನನ್ನು ಕೇಳಿಕೊಂಡದ್ದು ಅದೇ ಮೊದಲು. ಅಷ್ಟು ದಿನ ಹೇಳಿದ್ದರು, ಕೇಳಿರಲಿಲ್ಲ. "ಉಂಟು ಮಾವ" ಎಂದುಬಿಟ್ಟೆ.

ಮೊದಲ ಭಾನುವಾರ ಹಿತ್ತಾಳೆಯ ಪಾಳಿ. ಬಾಲ್ಕನಿಯಲ್ಲಿ ಹಳೆಯ ಪೇಪರು ಹಾಸಿ ಇಬ್ಬರೂ ಕೂತೆವು. "ಸಾರಿಗೆ ಹಿಂಡಿದ ಹುಣಸೆಹಣ್ಣು ಬಿಸಾಡಿದ್ಯಾ?" ಎಂದರು. ಇಲ್ಲ ಎಂದೆ. ಅದಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಸಿಲಿಂಡರಿಗೆ ಹಚ್ಚಿಸಿದರು. ದೇವರ ದೀಪ ತಿಕ್ಕುವ ವಿದ್ಯೆ ನನಗೆ ಗೊತ್ತಿದ್ದದ್ದೇ, ಜಂಬದಿಂದ ಗಸಗಸ ತಿಕ್ಕತೊಡಗಿದೆ.

"ಏ, ಏ! ದೀಪ ಅಲ್ಲ ಅದು. ಹಚ್ಚಿ ಬಿಡು. ಹುಳಿ ಅದರ ಕೆಲಸ ಮಾಡ್ತದೆ, ನೀನು ಸುಮ್ನೆ ಕೂತ್ಕೋ. ಹತ್ತು ನಿಮಿಷಕ್ಕೆ ತೊಳೆಯಬೇಕು. ಜಾಸ್ತಿ ಬಿಟ್ರೆ ಹಿತ್ತಾಳೆ ಕೆಂಪಾಗ್ತದೆ."

ಹತ್ತು ನಿಮಿಷ ಸುಮ್ಮನೆ ಕೂರುವುದು! ಮೊದಲ ಮೂರು ನಿಮಿಷ ಬಹಳ ಕಷ್ಟವಾಯಿತು. ಆಮೇಲೆ ಕೆಳಗೆ ಸೊಸೈಟಿಯ ಮಕ್ಕಳು ಕ್ರಿಕೆಟ್ ಆಡುವ ಸದ್ದು ಕೇಳಿಸಿತು. ಅದು ಪ್ರತಿ ಭಾನುವಾರ ಇದ್ದದ್ದೇ ಇರಬೇಕು.

ಉಕ್ಕಿನ ಭಾಗಗಳನ್ನು ಸೀಮೆಎಣ್ಣೆಯಲ್ಲಿ ವಾರಗಟ್ಟಲೆ ನೆನೆಹಾಕಿದೆವು. ಈ ಊರಿನಲ್ಲಿ ಈಗ ಸೀಮೆಎಣ್ಣೆ ಸಿಗುವುದು ಚಿನ್ನ ಸಿಕ್ಕಷ್ಟೇ ಅಪರೂಪ. ಸ್ಟೇಷನ್ ಹತ್ತಿರ ಹೊಲಿಗೆಯಂತ್ರ ರಿಪೇರಿ ಮಾಡುವವನಿಂದ ಅರ್ಧ ಬಾಟಲಿ ಕಾಡಿ ತಂದಿದ್ದೆ. ನೆಂದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷು, ಆಮೇಲೆ ಎಣ್ಣೆ ಹಚ್ಚಿದ ನಯದ ಎಮರಿ ಕಾಗದ. ಮಾವ ಕುರ್ಚಿಯಲ್ಲಿ ಕೂತು ಹೇಳುವುದು, ನಾನು ನೆಲದಲ್ಲಿ ಕೂತು ಮಾಡುವುದು. ಗಾಲಿಯ ಅಚ್ಚುಕಡ್ಡಿಯ ಮೇಲೆ ಒಂದು ಕಡೆ ನವಿಲಿನ ಕತ್ತಿನಂಥ ನೀಲಿ ಇತ್ತು. ಅದನ್ನೂ ತಿಕ್ಕಲು ಹೋದೆ. "ಬಿಡು ಅದನ್ನು" ಎಂದರು. "ಅದು ಕೊಳೆಯಲ್ಲ. ಬೆಂಕಿ ತಾಗಿದ ಗುರುತು. ಕಡ್ಡಿ ಗಟ್ಟಿಯಾಗ್ಲಿ ಅಂತ ಕಾಯಿಸಿದ್ದು. ಯಾವುದು ತೆಗೀಬೇಕು, ಯಾವುದು ಬಿಡಬೇಕು, ಅಷ್ಟು ಗೊತ್ತಾದ್ರೆ ಆಯ್ತು."

ಬೆರಳ ತುದಿಯಲ್ಲಿ ಮುಟ್ಟಿಯೇ ಅವರು ಎಲ್ಲವನ್ನೂ ಪರೀಕ್ಷಿಸುತ್ತಿದ್ದರು. "ಇಲ್ಲಿ ಇನ್ನೂ ಉಂಟು." ನಾನು ಬೆಳಕಿಗೆ ಹಿಡಿದು ನೋಡಿದರೆ ಏನೂ ಕಾಣುತ್ತಿರಲಿಲ್ಲ. ಮತ್ತೆ ತಿಕ್ಕಿದರೆ ಬಟ್ಟೆಗೆ ಕಂದು ಬಣ್ಣ ಬರುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಒಮ್ಮೊಮ್ಮೆ ಖುಷಿಯಾಗುತ್ತಿತ್ತು. ಬಹುಪಾಲು ಸೊಂಟ ನೋಯುತ್ತಿತ್ತು. ಐದು ಭಾನುವಾರ ಹೀಗೆ ಹೋದವು. ಸೋಮವಾರ ಆಫೀಸಿನಲ್ಲಿ ಉಗುರಿನ ಕಪ್ಪು ಕಾಣದಂತೆ ಕೈ ಮಡಚಿಕೊಂಡು ಕೂರುತ್ತಿದ್ದೆ.

ಕೊನೆಗೆ ಉಳಿದದ್ದು ಆ ಅಲ್ಯೂಮಿನಿಯಮ್ ಕಂಬ. "ಇದಕ್ಕೆ ಸೋಪುನೀರು, ಬ್ರಷ್ಷು, ತಾಳ್ಮೆ. ಹುಳಿ ಬೇಡ, ಸೋಡಾ ಅಂತೂ ಬೇಡವೇ ಬೇಡ" ಎಂದು ಶನಿವಾರವೇ ಹೇಳಿದ್ದರು. ನಾನು ಪಾತ್ರೆ ತೊಳೆಯುತ್ತಾ ಹ್ಞೂಂ ಎಂದಿದ್ದೆ. ಹ್ಞೂಂ ಎಂದದ್ದು ನನಗೆ ಚೆನ್ನಾಗಿ ನೆನಪಿದೆ.

ಆ ವಾರ ಎಂಥದೆಂದು ಕೇಳಬೇಡಿ. ಮೂರು ದಿನ ಮಳೆಗೆ ಲೋಕಲ್ ನಿಂತು ನಿಂತು ಹೋಗಿ, ಒಂದು ಸಂಜೆ ಭಾಂಡೂಪಿನಲ್ಲಿ ಹಳಿಯ ಮೇಲೆ ಇಳಿದು ಮೊಣಕಾಲಿನ ನೀರಲ್ಲಿ ನಡೆದಿದ್ದೆ. ಆಫೀಸಿನಲ್ಲಿ ಇಬ್ಬರು ರಜೆ, ಅವರ ಕೆಲಸವೂ ನನ್ನದೇ. ಭಾನುವಾರ ಬೆಳಿಗ್ಗೆ ಎದ್ದಾಗಲೇ ಅಳು ಬರುವಷ್ಟು ದಣಿದಿದ್ದೆ. ಇವತ್ತು ಈ ಇಂಜಿನ್ನು ಮುಗಿಸಿಬಿಡಬೇಕು, ಮುಂದಿನ ವಾರದಿಂದ ನನ್ನ ನಿದ್ದೆ ನನಗೆ ಎಂದು ನಿಶ್ಚಯಿಸಿದೆ. ಮಾವ ಸ್ನಾನಕ್ಕೆ ಹೋಗಿದ್ದರು. ಅರ್ಧ ಗಂಟೆ ಸೋಪು ಹಚ್ಚಿ ಉಜ್ಜಿದರೂ ಆ ಬಿಳಿ ಹುಡಿ ತೂತುಗಳ ಸುತ್ತ ಹಾಗೇ ಕೂತಿತ್ತು. ಸಿಂಕಿನ ಕೆಳಗೆ ಪೈಪು ಬಿಡಿಸುವ ಪುಡಿ ಇತ್ತು. ಪ್ಲಾಸ್ಟಿಕ್ ಟಬ್ಬಿಗೆ ಬಿಸಿನೀರು, ಎರಡು ಚಮಚ ಪುಡಿ, ಅದರೊಳಗೆ ಕಂಬ.

ಇಲ್ಲಿ ನಿಮಗೆ ಒಂದು ವಿಷಯ ಹೇಳಬೇಕು. ನಾನು ಕೆಮಿಸ್ಟ್ರಿ ಬಿಎಸ್ಸಿ. ಪೈಪಿನ ಪುಡಿಯೆಂದರೆ ಕಾಸ್ಟಿಕ್ ಸೋಡಾ. ಅಲ್ಯೂಮಿನಿಯಮ್ಮಿಗೆ ಕಾಸ್ಟಿಕ್ ಸೋಡಾ ಸೇರಿದರೆ ಏನಾಗುತ್ತದೆಂದು ಪರೀಕ್ಷೆಯಲ್ಲಿ ಬರೆದು, ಸಮೀಕರಣ ಸರಿಯಾಗಿ ತೂಗಿಸಿ, ಪೂರ್ತಿ ಅಂಕ ಪಡೆದವಳು. ಆ ವಿದ್ಯೆ ಆವತ್ತು ಎಲ್ಲಿ ಹೋಗಿತ್ತೋ! ನೀರು ಕುದಿಯುವ ಹಾಗೆ ನೊರೆ ಎದ್ದಿತು. ಕೊಳೆ ಬಿಡುತ್ತಿದೆ ಎಂದು ಸಂತೋಷಪಟ್ಟು ನಾನು ಬಟ್ಟೆ ಒಣಗಿಸಲು ಹೋದೆ. ಬಂದು ನೋಡುವಾಗ ಕಂಬ ಇದ್ದಲಿನಂತೆ ಕಪ್ಪಾಗಿತ್ತು. ಇಕ್ಕುಳದಿಂದ ಎತ್ತಿ ತೊಳೆದೆ. ಆ ನಯವಾದ ಮುಖ ಗೆದ್ದಲು ತಿಂದಂತಾಗಿತ್ತು. ಎರಡು ತೂತುಗಳ ಅಂಚು ಕರಗಿ ಅಗಲವಾಗಿತ್ತು.

ಮಾವ ಬಂದು ಕೈ ಚಾಚಿದರು. ಕೊಟ್ಟೆ. ಹೆಬ್ಬೆರಳು ಮುಖದ ಮೇಲೆ ಒಮ್ಮೆ ಹೋಯಿತು, ನಿಂತಿತು, ಮತ್ತೆ ಒಮ್ಮೆ ಹೋಯಿತು. ಸಿಡಿಯುತ್ತಾರೆಂದು ಕಾದೆ. ಅವರು ಸಿಡಿಯಲಿಲ್ಲ.

"ಸೋಡಾ ಹಾಕಿದ್ಯಾ?"

"ಗೊತ್ತಾಗ್ಲಿಲ್ಲ ಮಾವ. ನೀವು ಹೇಳಿದ್ದು ನನಗೆ ಕೇಳ್ಸಿರ್ಲಿಲ್ಲ" ಎಂದೆ.

ಅಷ್ಟರಲ್ಲಿ ನೊರೆಯ ಆವಿಯ ಘಾಟಿಗೆ ಇವರು ಒಳಗಿನಿಂದ ಬಂದರು. ಟಬ್ಬು ನೋಡಿದರು, ಪೊಟ್ಟಣ ನೋಡಿದರು. "ಯೇ ಕ್ಯಾ ಹೈ? ಯಾರು ಮಾಡಿದ್ದು ಇದು?"

ನಾನು ಬಾಯಿ ತೆರೆಯುವ ಮೊದಲೇ ಮಾವ, "ನಾನು ಹಾಕಿದ್ದು" ಎಂದರು.

ಇವರು ಕೆಟ್ಟವರಲ್ಲ. ಅವರಿಗೂ ಆ ವಾರ ಅಂಥದ್ದೇ ವಾರ. ಆದರೆ ಅಂದು ಅವರ ಬಾಯಿಂದ ಬಂದ ಮಾತು ಹೀಗಿತ್ತು: "ಪಪ್ಪಾ, ನಿಮ್ಮ ಹಾಥ್ ನೋಡಿ. ಒಂದು ಕಪ್ ಹಿಡೀಲಿಕ್ಕೆ ಆಗಲ್ಲ. ಇದು ಕಣ್ಣಿಗೆ ಹಾರಿದ್ರೆ ಯಾರು ನೋಡೋದು? ನಾನಾ? ಅವಳಾ? ಎಲ್ಲ ಕೆಲಸ ಹೋಯ್ತು ನಿಮ್ದು. ಇನ್ನು ಸುಮ್ನೆ ಕೂತ್ಕೊಳ್ಳೋದು ಒಂದು ಕೆಲಸ ಇದೆ. ಅದೂ ಆಗಲ್ವಾ?"

ಮಾವ ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಟಬ್ಬಿನ ನೀರನ್ನು ಚೆಲ್ಲುತ್ತಾ ನಿಂತಿದ್ದೆ. ಒಂದೇ ಒಂದು ಮಾತು ಸಾಕಿತ್ತು, 'ಅಲ್ಲ, ನಾನು' ಎಂದು. ಅದು ಗಂಟಲವರೆಗೆ ಬಂತು. ಈಗ ಹೇಳಿದರೆ ಇವರ ಸಿಟ್ಟು ನನ್ನ ಕಡೆ ತಿರುಗುತ್ತದೆ, ಮಧ್ಯಾಹ್ನವೆಲ್ಲ ಅದೇ ಆಗುತ್ತದೆ, ಮಲಗಲಿಕ್ಕಾಗುವುದಿಲ್ಲ ಎಂದು ಯೋಚಿಸಿದೆ. ಹೌದು, ನಿದ್ದೆಯ ಲೆಕ್ಕ ಹಾಕಿದೆ. ಆ ಮಧ್ಯಾಹ್ನ ಮಲಗಿದೆ ಕೂಡ. ನಿದ್ದೆ ಬರಲಿಲ್ಲ ಎಂದರೆ ಕಥೆಗೆ ಚೆನ್ನಾಗಿರುತ್ತಿತ್ತು, ಆದರೆ ಬಂತು.

ಮರುದಿನ ನಾನು ರಜೆ ಹಾಕಿದೆ. ಇವರು ಕೆಲಸಕ್ಕೆ ಹೋದ ಮೇಲೆ ಚಹಾ ಮಾಡಿ ಮಾವನ ಮುಂದೆ ಇಟ್ಟು, "ನೀವು ಯಾಕೆ ಹಾಗೆ ಹೇಳಿದ್ದು ಮಾವ?" ಎಂದು ಕೇಳಿದೆ.

ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಆ ಕಂಬ ನಾನು ಮಾಡಿದ್ದಲ್ಲ" ಎಂದು ಶುರುಮಾಡಿದರು.

ಟೂಲ್ ರೂಮಿನಲ್ಲಿ ಅವರ ಪಕ್ಕದ ಬೆಂಚಿನಲ್ಲಿ ಗದಗಿನ ಮೌಲಾಸಾಬ ಎನ್ನುವವರು ಕೆಲಸ ಮಾಡುತ್ತಿದ್ದರು. ಇಡೀ ಕಾರ್ಖಾನೆಯಲ್ಲಿ ಕನ್ನಡದವರು ಇಬ್ಬರೇ. ಒಬ್ಬರ ಕನ್ನಡ ಇನ್ನೊಬ್ಬರಿಗೆ ಮೊದಮೊದಲು ಅರ್ಥವಾಗದೆ ನಗುತ್ತಿದ್ದರಂತೆ. ಊಟದ ಬಿಡುವಿನಲ್ಲಿ, ಬಿಸಾಡಿದ ತುಂಡುಗಳಿಂದ, ಇಬ್ಬರೂ ಸೇರಿ ಈ ಇಂಜಿನ್ನು ಮಾಡತೊಡಗಿದರು. ಸಿಲಿಂಡರ್ ಮಾವನದು, ಕಂಬ ಮತ್ತು ಗಾಲಿ ಮೌಲಾಸಾಬರದು. ಎರಡು ವರ್ಷ ಹಿಡಿಯಿತು. ಇನ್ನೇನು ಜೋಡಿಸಬೇಕು ಎನ್ನುವಾಗ ಒಂದು ಸಂಗತಿ ನಡೆಯಿತು. ತಗಡು ಒತ್ತುವ ಒಂದು ದೊಡ್ಡ ಅಚ್ಚನ್ನು ತೇಯ್ದು ಅಳತೆಗೆ ತರಲು ಇಬ್ಬರಿಗೂ ಕೊಟ್ಟಿದ್ದರು. ಕೊನೆಯ ಸಲ ತೇಯ್ದವರು ಮಾವ. ಕೂದಲೆಳೆಯಷ್ಟು ಹೆಚ್ಚು ತೇಯ್ದರು, ಅಚ್ಚು ಹಾಳಾಯಿತು. ಹಾಳಾದದ್ದು ಅವರಿಗೆ ಆಗಲೇ ಗೊತ್ತಾಯಿತು. ಅದನ್ನು ಹಾಗೇ ಮೌಲಾಸಾಬರ ಬೆಂಚಿನ ಮೇಲಿಟ್ಟು ಮನೆಗೆ ಬಂದರು. ಮರುದಿನ ತನಿಖೆಯಲ್ಲಿ ಸಾಹೇಬರು ಕೇಳಿದಾಗ ಮಾತಾಡಲಿಲ್ಲ. ಮೌಲಾಸಾಬರನ್ನು ಕೆಲಸದಿಂದ ತೆಗೆದರು.

"ಆಗ ನಿನ್ನ ಗಂಡ ಹುಟ್ಟಿ ಎರಡು ತಿಂಗಳು. ನನ್ನ ಕೆಲಸ ಹೋಗಿದ್ರೆ ಎಂತ ಮಾಡೂದು ಅಂತ ಹೆದರಿದೆ. ಅವನಿಗೂ ಮಕ್ಕಳಿದ್ರು. ಅದು ನನಗೆ ಗೊತ್ತಿತ್ತು" ಎಂದರು ಮಾವ. "ನಿನ್ನೆ ನೀನು ಹೆದರಿ ನಿಂತದ್ದು ನೋಡಿದೆ. ಆವತ್ತು ನಾನು ಹೀಗೇ ನಿಂತಿದ್ದೆ ಅಂತ ನೆನಪಾಯ್ತು. ಅದಕ್ಕೆ ಹೇಳಿದ್ದು. ನಿನಗೋಸ್ಕರ ಅಂತ ತಿಳ್ಕೊಳ್ಬೇಡ."

ಮೌಲಾಸಾಬರು ಎಲ್ಲಿದ್ದಾರೆಂದು ಅವರಿಗೆ ಗೊತ್ತಿತ್ತು. ಮಲಾಡಿನಲ್ಲಿ ಸಣ್ಣ ಲೇಥ್ ಇಟ್ಟುಕೊಂಡಿದ್ದಾರೆಂದು ಹಳೆಯ ಕೆಲಸಗಾರರೊಬ್ಬರು ಹೇಳಿದ್ದರಂತೆ. ಒಮ್ಮೆ ಮಲಾಡ್ ಸ್ಟೇಷನ್ನಿನವರೆಗೂ ಹೋಗಿ, ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತು, ತಿರುಗಿ ಬಂದಿದ್ದರು. "ಕಂಬ ಹೊಸದು ಮಾಡ್ಬೇಕು. ಅವನಿಗೇ ಆಗೂದು" ಎಂದರು. ಅದು ನೆಪವೋ ನಿಜವೋ ನಾನು ಕೇಳಲಿಲ್ಲ.

ಮುಂದಿನ ಭಾನುವಾರ, ಡಾಕ್ಟರ ಹತ್ತಿರ ಹೋಗುತ್ತೇವೆಂದು ಇವರಿಗೆ ಹೇಳಿ ಹೊರಟೆವು. ದಾದರಿನಲ್ಲಿ ಗಾಡಿ ಬದಲಿಸುವಾಗ ಮಾವ ಸೇತುವೆಯ ಮೆಟ್ಟಿಲಲ್ಲಿ ಎರಡು ಸಲ ಕೂತರು. ಮಲಾಡಿನಲ್ಲಿ ರಿಕ್ಷಾ ಇಳಿದು ಗೋದಾಮುಗಳಂಥ ಕೋಣೆಗಳ ಒಂದು ಸಾಲಿನಲ್ಲಿ ಕೇಳುತ್ತಾ ಹೋದೆವು. ಮೂಲೆಯ ಕೋಣೆಯಲ್ಲಿ ಬಿಳಿ ಗಡ್ಡದ, ದಪ್ಪ ಕನ್ನಡಕದ ಮುದುಕರೊಬ್ಬರು ಲೇಥಿನ ಮೇಲೆ ಬಾಗಿದ್ದರು. ಭಾನುವಾರವೂ ಕೆಲಸ.

"ಕೋನ್?" ಎಂದರು ತಲೆಯೆತ್ತದೆ.

"ನಾನು. ಸದಾಶಿವ."

ಅವರು ಯಂತ್ರ ನಿಲ್ಲಿಸಿದರು. ಅದು ತಿರುಗಿ ತಿರುಗಿ ನಿಲ್ಲುವವರೆಗೂ ಅದನ್ನೇ ನೋಡುತ್ತಿದ್ದರು. ಆಮೇಲೆ, "ಬರ್ರಿ, ಕುಂದರ್ರಿ" ಎಂದರು.

ಮಾವ ಡಬ್ಬಿ ತೆರೆದು ಒಂದೊಂದೇ ಭಾಗ ಬೆಂಚಿನ ಮೇಲಿಟ್ಟರು. ಕೈ ನಡುಗಿ ಗಾಲಿ ಉರುಳಿತು, ಮೌಲಾಸಾಬರು ಹಿಡಿದರು. ಹಿಡಿದದ್ದನ್ನು ತಿರುಗಿಸಿ ನೋಡಿದರು. ಕೊನೆಗೆ ಕಪ್ಪು ಕಂಬವನ್ನು ಬೆಳಕಿಗೆ ಹಿಡಿದು, "ಕಾಸ್ಟಿಕ್ಕಿನಾಗ ಹಾಕೀರೇನು ಇದನ್ನ?" ಎಂದರು.

"ಹೌದು, ನಾನು..." ಎಂದು ಮಾವ ಶುರುಮಾಡುವಾಗ ನನಗೆ ತಡೆಯಲಾಗಲಿಲ್ಲ. "ಅಲ್ಲ, ಹಾಕಿದ್ದು ನಾನು. ಹಾಕಬೇಡ ಅಂತ ಮಾವ ಹೇಳಿದ್ರು. ನನಗೆ ಕೇಳಿಸಿತ್ತು. ಆದ್ರೂ ಹಾಕಿದೆ" ಎಂದೆ. ಪರಿಚಯವೇ ಇಲ್ಲದವರ ಮುಂದೆ ಎಷ್ಟು ಸಲೀಸಾಗಿ ಬಂತು ನೋಡಿ, ಮನೆಯಲ್ಲಿ ಗಂಟಲಲ್ಲಿ ಕೂತಿದ್ದ ಮಾತು!

ಮಾವ ನನ್ನನ್ನೇ ನೋಡಿದರು. ಆಮೇಲೆ ಆ ಕಡೆ ತಿರುಗಿ, "ಮೌಲಾ, ಆ ಅಚ್ಚು ತೇಯ್ದದ್ದು ನಾನು" ಎಂದರು.

"ಗೊತ್ತೈತಿ" ಎಂದರು ಮೌಲಾಸಾಬರು. ದನಿಯಲ್ಲಿ ಏರಿಳಿತವೇ ಇಲ್ಲ. "ಹತ್ತು ವರ್ಷ ಬಾಜೂಕ ಕುಂತು ಕೆಲಸ ಮಾಡೀನಿ. ನಿಮ್ಮ ಕೈಯಿ ಗೆರಿ ನನಗ ಗೊತ್ತಾಗಂಗಿಲ್ಲೇನು? ನೋಡಿದ ಕೂಡ್ಲೇ ತಿಳದಿತ್ತು. ಸಾಹೇಬಗೂ ಹೇಳಿದೆ. ಅವ ನಂಬಲಿಲ್ಲ. ನೀವು ಬಾಯಿ ತಗೀಲಿಲ್ಲ."

"ತೆಗೀಲಿಲ್ಲ."

"ಆ ವರ್ಷ ದೊಡ್ಡ ಮಗಳನ್ನ ಸಾಲಿ ಬಿಡಿಸಿದೆ. ಶಾಣ್ಯಾ ಇದ್ಲು. ಮುಂದ ಓದಲಿಲ್ಲ ಆಕಿ." ಅಷ್ಟು ಹೇಳಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಮಾವ ಏನೋ ಹೇಳಲು ಹೋದರು. ಮೌಲಾಸಾಬರು ಕೈಯೆತ್ತಿ ತಡೆದರು. "ಬ್ಯಾಡ್ರಿ. ಹೇಳಿದ್ರೆಲ್ಲ, ಸಾಕು. ಇದನ್ನ ಬಿಟ್ಟು ಹೋಗ್ರಿ. ನೋಡ್ತೀನಿ."

ತಿರುಗಿ ಬರುವಾಗ ರೈಲಿನಲ್ಲಿ ಮಾವ, "ಮೊದಲು ನಾವಿಬ್ರೂ ಬಾರೋ ಹೋಗೋ ಅಂತಿದ್ದವರು. ಈಗ ಬರ್ರಿ ಅಂದ, ಕೇಳಿದ್ಯಾ?" ಎಂದರು. ಕೇಳಿದ್ದೆ. ಅವರ ಊರಿನ ಕನ್ನಡದಲ್ಲಿ ಅದು ಎಲ್ಲರಿಗೂ ಸಲ್ಲುವ ಮರ್ಯಾದೆಯಲ್ಲವೇ ಎಂದು ಸಮಾಧಾನ ಮಾಡಲು ಹೋದೆ. ಮಾವ ತಲೆಯಾಡಿಸಿದರು. ಅಷ್ಟು ಸುಲಭದ ಸಮಾಧಾನವನ್ನು ಒಪ್ಪುವವರಲ್ಲ ಅವರು.

ಮೂರು ವಾರ ಬಿಟ್ಟು ಫೋನ್ ಬಂತು. ಹೋದೆವು. ಹೊಸ ಕಂಬ ಹಿತ್ತಾಳೆಯದು. "ಇನ್ನ ಯಾರ್ ಏನ್ ಸುರುವಿದ್ರೂ ಚಿಂತಿಲ್ಲ" ಎಂದು ಮೌಲಾಸಾಬರು ನನ್ನ ಕಡೆ ನೋಡಿದರು, ಮೀಸೆಯಡಿ ಸ್ವಲ್ಪ ನಗು ಇತ್ತೋ ಏನೋ. ಇಂಜಿನ್ನು ಜೋಡಿಸಿ ಆಗಿತ್ತು. ಹಬೆಯ ಬದಲು ಕೋಣೆಯ ಕಂಪ್ರೆಸರಿನ ಗಾಳಿಯ ಪೈಪು ಹಚ್ಚಿ, ನಲ್ಲಿಯನ್ನು ಒಂದಿಷ್ಟೇ ತಿರುಗಿಸಿದರು. ಗಾಲಿ ಒಮ್ಮೆ ಹಿಂದೆ ಹೋಯಿತು, ತಡವರಿಸಿತು, ಆಮೇಲೆ ತಿರುಗಿತು. ಹೊಲಿಗೆಯಂತ್ರದಂಥ ಸಣ್ಣ ಸದ್ದು. ಇಬ್ಬರು ಮುದುಕರೂ ಬಾಗಿ ನೋಡುತ್ತಿದ್ದರು, ತಲೆಗೆ ತಲೆ ತಾಗುವಷ್ಟು ಹತ್ತಿರ. ಎಷ್ಟು ಹೊತ್ತೆಂದು ನನಗೆ ಗೊತ್ತಿಲ್ಲ, ನಾನು ಒಂದು ಡಬ್ಬದ ಮೇಲೆ ಕೂತು ಗೋಡೆಗೆ ಒರಗಿದ್ದೆ.

ಹೊರಡುವಾಗ ಮಾವ, "ಇಲ್ಲೇ ಇರ್ಲಿ" ಎಂದರು. ಮೌಲಾಸಾಬರು ಬೇಡವೆನ್ನಲಿಲ್ಲ. ಲೇಥಿನ ಮೇಲಿನ ಹಲಗೆಯಲ್ಲಿ ಜಾಗ ಮಾಡಿದರು.

"ಅವ ಕ್ಷಮಿಸಿದ ಅಂತ ಕಾಣ್ತದಾ ನಿನಗೆ?" ಎಂದು ಮಾವ ಸ್ಟೇಷನ್ನಿನಲ್ಲಿ ಕೇಳಿದರು.

"ಗೊತ್ತಾಗ್ಲಿಲ್ಲ ಮಾವ."

"ನನಗೂ ಗೊತ್ತಾಗ್ಲಿಲ್ಲ. ಆದ್ರೆ ಹೇಳಿ ಆಯ್ತು."

ಮರುವರ್ಷ ಮಳೆ ನಿಲ್ಲುವ ಹೊತ್ತಿಗೆ ಮಾವ ಹೋದರು. ಮೌಲಾಸಾಬರಿಗೆ ನಾನೇ ಫೋನ್ ಮಾಡಿದೆ. ಆ ಕಡೆ ಯಂತ್ರ ನಿಲ್ಲಿಸಿದ ಸದ್ದು ಕೇಳಿಸಿತು. ಆಮೇಲೆ, "ಇನ್ನ ನನ್ನ ಕೈ ಗುರುತು ಹಿಡಿಯಾವ್ರು ಯಾರೂ ಉಳೀಲಿಲ್ಲ ನೋಡವ್ವಾ ತಂಗಿ" ಎಂದರು. ಅಂದಿನಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ನಾನು ಅವರಿಗೆ ಫೋನ್ ಮಾಡುತ್ತೇನೆ. ಈಗ ದಿನಾ ಕೋಣೆಗೆ ಹೋಗುವುದಿಲ್ಲವಂತೆ.

ಇವರಿಗೆ ಮಾತ್ರ ಏನೂ ಹೇಳಿರಲಿಲ್ಲ. ಮೊದಲು ಮಾವ ಇದ್ದರು, ಅವರ ಮಾತನ್ನು ಸುಳ್ಳು ಮಾಡುವುದು ಹೇಗೆ ಎಂದುಕೊಂಡೆ. ಆಮೇಲೆ ಮಾವ ಇರಲಿಲ್ಲ, ಇನ್ನು ಹೇಳಿ ಏನು ಎಂದುಕೊಂಡೆ. ಕಾರಣಗಳು ನನಗೆ ಯಾವತ್ತೂ ಕಡಿಮೆ ಬಿದ್ದಿಲ್ಲ.

ಮೊನ್ನೆ ಆಫೀಸಿಗೆ ಹೋಗಲಿಲ್ಲ. ಸಂಜೆ ಇವರು ಬಂದು ಊಟಕ್ಕೆ ಕೂತಾಗ ಹೇಳಿದೆ. ಟಬ್ಬು, ಪುಡಿ, ಶನಿವಾರ ನಾನು ಹ್ಞೂಂ ಎಂದದ್ದು, ಮಲಾಡು, ಡಾಕ್ಟರ ಹೆ‌ಸರಿನ ಸುಳ್ಳು, ಅವರು ಎರಡು ತಿಂಗಳ ಮಗುವಾಗಿದ್ದಾಗ ನಡೆದದ್ದು. ಎಲ್ಲ. ಹೇಳಿದ ಮೇಲೆ ಹಗುರವಾಗುತ್ತದೆ ಎಂದು ಕೇಳಿದ್ದೆ. ನನಗೆ ಹಾಗೇನೂ ಆಗಲಿಲ್ಲ. ಎದುರಿಗೆ ಕೂತವರ ಮುಖ ನೋಡಿದಾಗ, ನನ್ನ ಭಾರ ಎತ್ತಿ ಅವರ ತಟ್ಟೆಗೆ ಬಡಿಸಿದೆನಲ್ಲ ಎನ್ನಿಸಿತು.

"ಆವತ್ತು ನಾನು ಪಪ್ಪಂಗೆ ಏನು ಹೇಳ್ದೆ? ನೆನಪಿದೆಯಾ ನಿನಗೆ?" ಎಂದರು.

"ಇದೆ."

"ಹೇಳು. ಪೂರಾ ಹೇಳು."

"ಬೇಡ ಬಿಡಿ."

"ಹೇಳು."

ಹೇಳಿದೆ. ಒಂದು ಮಾತೂ ಬಿಡದೆ ಹೇಳಿದೆ. ಸುಮ್ನೆ ಕೂತ್ಕೊಳ್ಳೋದು ಒಂದು ಕೆಲಸ, ಅದೂ ಆಗಲ್ವಾ ಎನ್ನುವವರೆಗೆ. ಇವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅನ್ನ ತಣ್ಣಗಾಯಿತು. ನನ್ನ ಮೇಲೆ ಸಿಟ್ಟಾದರೆ ಆಗಲಿ ಎಂದು ನಾನೂ ಎದುರಿಗೇ ಕೂತೆ, ಈ ಸಲ ಎದ್ದು ಹೋಗಲಿಲ್ಲ.

ಕೊನೆಗೆ ಕೈತೊಳೆದು ಬಂದು, "ಆ ಆದ್ಮಿಯ ನಂಬರ್ ಇದೆಯಾ ನಿನ್ನ ಹತ್ರ?" ಎಂದರು. ನನ್ನ ಫೋನಿನಿಂದಲೇ ಹಚ್ಚಿ ಕೊಟ್ಟೆ. ತೆಗೆದುಕೊಂಡು ಬಾಲ್ಕನಿಗೆ ಹೋದರು. ಇವರು ಇಲ್ಲಿಯೇ ಹುಟ್ಟಿ, ಇಲ್ಲಿಯ ಶಾಲೆಯಲ್ಲಿ ಓದಿದವರು. ಫೋನಿನಲ್ಲಿ ಯಾರೊಡನೆಯೂ ಕನ್ನಡ ಮಾತಾಡಿದ್ದನ್ನು ನಾನು ಕೇಳಿಲ್ಲ. ಒಳಗೆ ತಟ್ಟೆ ಎತ್ತುತ್ತಿದ್ದ ನನಗೆ ಅವರು ಒಂದೊಂದೇ ಪದವನ್ನು ಹುಡುಕಿ ಹುಡುಕಿ ಜೋಡಿಸುವುದು ಕೇಳಿಸುತ್ತಿತ್ತು.

"ಹಲೋ... ನಾನು... ಸದಾಶಿವ ಅವರ ಮಗ ಮಾತಾಡ್ತಿರೋದು... ಅಲ್ಲ, ಅಲ್ಲ, ಏನೂ ಕೆಲಸ ಇಲ್ಲ... ನಿಮ್ಮ ಮನೆಗೆ ಬರ್ಬೇಕು ಅಂತ ಉಂಟು ನನಗೆ. ನಿಮ್ಮ ಮಗಳು... ದೊಡ್ಡ ಮಗಳು... ಅವರೂ ಇರ್ತಾರಾ?"